ಕೋದಂಡಪ್ಪನ ಬಂಗಾರದ ಅಂಗಳ

"ಮೂರಡಿ ಅಗಲ, ಎಂಟಡಿ ಉದ್ದ! ನಂಗಿಷ್ಟೇ ಸಾಕು ಕಣೇ. ಇದರೊಳಗೆ ನಿಮ್ಮ ಬೂದಿಕೋಟೇನೇ ತಂದು ಕೂರಿಸ್ತೀನಿ, ನೋಡ್ತಾ ಇರು!"

ರಾಬರ್ಟ್‌ಸನ್‌ಪೇಟೆಯ ಬಾಡಿಗೆ ಮಹಡಿಮನೆಯ ಬಾಲ್ಕನಿಯಲ್ಲಿ ನಿಂತು ಕೋದಂಡಪ್ಪ ಹೀಗೆ ಶಪಥ ಮಾಡಿದ. ಶಪಥಕ್ಕೆ ತಕ್ಕಂತೆ ಕೈಯನ್ನೂ ಬೀಸಿದ. ಬೀಸಿದ ಕೈ ಗೋಡೆಗೆ ಬಡಿಯಿತು. ಆದರೂ ಶಪಥ ಶಪಥವೇ!

ಇದು ನಡೆದದ್ದು ಆ ಊರಿನ ನೆಲದೊಳಗೆ ಇನ್ನೂ ಚಿನ್ನವಿದ್ದ ಕಾಲದಲ್ಲಿ. ಗಣಿಯ ಸಂಗು, ಅಂದರೆ ಸೈರನ್ನು, ಕೂಗಿದರೆ ಊರು ಏಳುತ್ತಿತ್ತು, ಇನ್ನೊಮ್ಮೆ ಕೂಗಿದರೆ ಉಣ್ಣುತ್ತಿತ್ತು, ಮತ್ತೊಮ್ಮೆ ಕೂಗಿದರೆ ಮಲಗುತ್ತಿತ್ತು. ಒಂದು ಲೋಟ ಕಾಫಿ ಆರುವಷ್ಟರಲ್ಲಿ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಜಗಳವಾಡಿ ಮೂರರಲ್ಲೂ ರಾಜಿಯಾಗಬಹುದಿತ್ತು. ಕೋದಂಡಪ್ಪನಿಗೆ ಚಾಂಪಿಯನ್ ರೀಫ್ಸ್‌ನ ಗಣಿ ಸ್ಟೋರಿನಲ್ಲಿ ಗುಮಾಸ್ತನ ಕೆಲಸ ಸಿಕ್ಕಿ ಆಗಿನ್ನೂ ಕೆಲವೇ ತಿಂಗಳು. ಬಂಗಾರಪೇಟೆ ಕಡೆಯ ಹಳ್ಳಿಯವನು. ಅದುವರೆಗೆ ಬಾಲ್ಕನಿ ಎಂದರೆ ಟಾಕೀಸಿನಲ್ಲಿ ತಾನು ಎಂದೂ ಕೂತಿರದ, ಕೆಳಗಿನ ಬೆಂಚಿನಿಂದ ಕತ್ತು ತಿರುಗಿಸಿ ನೋಡಿ ಹೊಟ್ಟೆ ಉರಿದುಕೊಳ್ಳುವ ಜಾಗ ಎಂದಷ್ಟೇ ತಿಳಿದಿದ್ದವನು. ಈಗ ಅವನ ಮನೆಗೇ ಒಂದು ಬಾಲ್ಕನಿ! ಅದರ ಹಲಗೆಗಳ ಸಂದಿನಿಂದ ಕೆಳಗಿನ ಬೀದಿ ಕಾಣುತ್ತಿತ್ತು ಎಂಬುದನ್ನು ಅವನು ದೋಷವೆಂದು ಎಣಿಸಲಿಲ್ಲ. "ಗಾಳಿ ಬರುತ್ತೆ" ಎಂದು ಹೊಗಳಿದ.

ತೊಂದರೆ ಇದ್ದದ್ದು ಹೆಂಡತಿ ಆದಿಲಕ್ಷ್ಮಮ್ಮನದು. ಬೂದಿಕೋಟೆಯಲ್ಲಿ ಕೋಳಿ ಕೂಗುವ ಮುಂಚೆ ಎದ್ದು, ಅಂಗಳ ಗುಡಿಸಿ, ಸಗಣಿನೀರು ಚಿಮುಕಿಸಿ, ಎತ್ತಿನ ಗಾಡಿ ತಿರುಗಿಸುವಷ್ಟು ಅಗಲದ ರಂಗೋಲಿ ಹಾಕಿ ಬೆಳೆದ ಹೆಣ್ಣು ಅವಳು. ಇಲ್ಲಿ ಬಾಗಿಲು ತೆರೆದರೆ ಕಡಿದಾದ ಮೆಟ್ಟಿಲು. ಮೇಲಿನ ಮೆಟ್ಟಿಲಿನ ಮೇಲೆ ಅಂಗೈಯಗಲದ ರಂಗೋಲಿ ಹಾಕಿದರೆ ಅದನ್ನು ಮೊದಲು ತುಳಿಯುವವನು ಕೋದಂಡಪ್ಪನೇ. ಕೆಳಗಿನ ಬೀದಿಬಾಗಿಲು ಮನೆಯ ಮಾಲೀಕ ಕುಪ್ಪುಸ್ವಾಮಿಯ ಕಾಫಿ ಹೋಟೆಲಿನದು. ಅಲ್ಲಿ ಬಾಲ್ಕನಿಯ ನೆರಳಿನಲ್ಲಿ ಎರಡು ಬೆಂಚು, ಬೆಂಚಿನ ತುಂಬ ಪಾಳಿ ಮುಗಿಸಿ ಬಂದ ಗಂಡಸರು. ಆ ಕಡೆ ಅವಳು ತಲೆ ಎತ್ತಿಯೂ ನೋಡಿರಲಿಲ್ಲ.

ಸಂಸಾರ ಹೂಡಿದ ಹೊಸತರಲ್ಲಿ ಮಾವ ದೊಡ್ಡವೆಂಕಟಪ್ಪ ಬಂದು ನೋಡಿದ್ದರು. ಮೆಟ್ಟಿಲು ನೋಡಿದರು, ಬಾಲ್ಕನಿ ನೋಡಿದರು, ಮಗಳ ಮುಖ ನೋಡಿದರು.

"ಬಾಕ್ಲಿಗೆ ನೀರಾಕೋಕೆ ನೆಲ ಇಲ್ದಿದ್ ಮನೆ ಒಂದು ಮನೇನಾ ಅಳಿಯಂದ್ರೇ? ಇದು ಪಾರಿವಾಳದ್ ಗೂಡು. ಇನ್ನೊಂದ್ ತಿಂಗ್ಳಿಗೆ ಭಾನ್ವಾರ ನೋಡ್ಕೊಂಡ್ ಬತ್ತೀನಿ. ಅಷ್ಟ್ರಾಗೆ ನನ್ ಮಗಳಿಗೊಂದು ಅಂಗಳ ಆಗ್ಲಿಲ್ಲ ಅಂದ್ರೆ ಅವಳು ನನ್ ಜತೆ ಬತ್ತಾಳೆ. ನೆಲದ್ ಮೇಲಿನ್ ಮನೆ ಸಿಕ್ದಾಗ ಬಂದು ಕರ್ಕೊಂಡೋಗಿ."

ಆ ಊರಿನಲ್ಲಿ ನೆಲದ ಮೇಲಿನ ಮನೆ ಸಿಗುವುದಕ್ಕಿಂತ ನೆಲದ ಕೆಳಗಿನ ಚಿನ್ನ ಸಿಗುವುದು ಸುಲಭ! ಕೋದಂಡಪ್ಪ ಮದುವೆಗೆ ಮುಂಚೆ ತಾನೇ ತೊಳಸಿಕೊಂಡು ತಿನ್ನುತ್ತಿದ್ದ ಗಂಟುಗಂಟು ಮುದ್ದೆಯನ್ನು ನೆನೆದು ನಡುಗಿದ. ಅದಕ್ಕಿಂತ ಹೆಚ್ಚಾಗಿ, ಸಂಜೆ ಸಂಗು ಕೂಗಿದ ಕೂಡಲೇ ಸೈಕಲ್ ತುಳಿದುಕೊಂಡು ಬಂದು, ಬೀದಿ ತಿರುವಿನಲ್ಲೇ ತಲೆ ಎತ್ತಿ ಬಾಲ್ಕನಿಯಲ್ಲಿ ನಿಂತ ಸೀರೆಯ ಬಣ್ಣ ಹುಡುಕುವ ಅಭ್ಯಾಸ ಅವನಿಗೆ ಆಗಿಹೋಗಿತ್ತು. ಅದನ್ನು ಬಾಯಿಬಿಟ್ಟು ಹೇಳುವ ಕಾಲ ಅದಲ್ಲ. ಹಾಗಾಗಿ ಶಪಥ ಮಾಡಿದ.

ಬಾಲ್ಕನಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ನಕ್ಷೆ ಬರೆದ. "ಇಲ್ಲಿ ತುಳಸಿ. ಇಲ್ಲಿ ಹೀರೆಬಳ್ಳಿ, ಕಂಬಿ ಮೇಲೆ ಹಬ್ಬುತ್ತೆ. ಇದು ನಿಮ್ಮಪ್ಪನಿಗೆ ಜಗಲಿ. ಜಗಲಿ ಕೆಳಗೆ ಕೋಳಿ. ನಡುವೆ ಅಂಗಳ!"

"ಮತ್ತೆ ನಾನೆಲ್ಲಿ ನಿಂತ್ಕೊಳ್ಳೋದು?"

ಕೋದಂಡಪ್ಪ ನಕ್ಷೆಯನ್ನು ಇನ್ನೊಮ್ಮೆ ನೋಡಿದ. "ಅದನ್ನ ಆಮೇಲೆ ನೋಡಣ."

ಸೀಮೆಎಣ್ಣೆ ಡಬ್ಬ ಕತ್ತರಿಸಿ, ತಂತಿ ಕಟ್ಟಿ ಕಂಬಿಗೆ ನೇತುಹಾಕಿದ. ಗೋಡೆಗೆ ಮೊಳೆ ಹೊಡೆದು, ಸರಪಳಿಯಲ್ಲಿ ಹಲಗೆ ತೂಗುಹಾಕಿ ಅದಕ್ಕೆ ಜಗಲಿಯೆಂದು ನಾಮಕರಣ ಮಾಡಿದ. ಮೊಳೆ ಹೊಡೆಯುವಾಗ ಕೆಳಗಿನಿಂದ ಕುಪ್ಪುಸ್ವಾಮಿ ಕೂಗಿದ, "ಸಾರ್, ಗೋಡೆಯಲ್ಲಿ ಏನು ಸಾರ್ ಹುಡುಕುತ್ತೀರಿ? ಚಿನ್ನ ಎಲ್ಲ ಆ ಕಡೆ!"

ಉಳಿದದ್ದು ಅಂಗಳಕ್ಕೆ ಮಣ್ಣು.

"ನಮ್ಮೂರ ಕೆರೆ ಮಣ್ಣು ತರ್ಸಿ. ಎರಡು ಮೂಟೆ ಸಾಕು" ಎಂದಳು ಆದಿಲಕ್ಷ್ಮಮ್ಮ.

"ಬಸ್ಸಿನ ಮೇಲೆ ಮಣ್ಣು ಹೇರಿಕೊಂಡು ಬಂದ್ರೆ ಊರು ನಗಲ್ವಾ? ನಾನು ತರೋ ಮಣ್ಣು ನೋಡು!"

ತಂದೇಬಿಟ್ಟ. ಊರಿನ ಸುತ್ತ ಬೆಟ್ಟದಂತೆ ನಿಂತಿದ್ದ ಸಯನೈಡ್ ದಿಬ್ಬಗಳಿಂದ ಸೈಕಲ್ಲಿನ ಹಿಂದೆ ಗೋಣಿಚೀಲ ಕಟ್ಟಿಕೊಂಡು ತಂದ. ಗಣಿಯ ಕಲ್ಲು ಅರೆದು, ಸಯನೈಡ್ ಹಾಕಿ ಚಿನ್ನ ತೆಗೆದುಕೊಂಡ ಮೇಲೆ ಸುರಿದ ಮರಳು ಅದು. ರಾಗಿಹಿಟ್ಟಿಗಿಂತ ನುಣುಪು. ಅಷ್ಟು ನುಣುಪಾದ ಮಣ್ಣು ಊರ ತುಂಬ ಬಿದ್ದಿದ್ದರೂ ಯಾರೂ ಯಾಕೆ ಮುಟ್ಟುವುದಿಲ್ಲ ಎಂಬ ಪ್ರಶ್ನೆ ಅವನಿಗೂ ಬಂತು. ಉತ್ತರವೂ ಬಂತು: ಯಾರಿಗೂ ತನ್ನಷ್ಟು ಬುದ್ಧಿಯಿಲ್ಲ!

"ಇದ್ಯಾವ ಮಣ್ಣ್ರೀ? ಬೂದಿ ಇದ್ದಂಗೈತೆ."

"ಬೂದಿಕೋಟೆಯವಳಿಗೆ ಬೂದಿ ಬಿಟ್ಟು ಬೇರೇನು ಕಾಣುತ್ತೆ? ಚಿನ್ನದ ಜತೆ ಹುಟ್ಟಿದ ಮಣ್ಣು ಕಣೇ! ಇನ್ಮೇಲೆ ನಿನ್ನದು ಬಂಗಾರದ ಅಂಗಳ!"

ಸಗಣಿ ತಂದುಕೊಟ್ಟವಳು ಹಾಲಿನ ಮುನಿಶಾಮಮ್ಮ. ಮಣ್ಣನ್ನು ಬೆರಳಿನಲ್ಲಿ ಉಜ್ಜಿ ನೋಡಿ ಅವಳು ಕೋದಂಡಪ್ಪನ ಮುಖ ನೋಡಿದಳು. "ದಿಬ್ಬದ್ ಮಣ್ಣಾ ಸಾಮಿ? ಇದ್ರಾಗೆ ಉಲ್ಲೂ ಉಟ್ಟಾಕಿಲ್ವಲ್ಲ!"

"ನಾನೇನು ಹುಲ್ಲು ತಿಂತೀನಾ?" ಎಂದ ಕೋದಂಡಪ್ಪ.

ಮುನಿಶಾಮಮ್ಮ ಉತ್ತರ ಹೇಳದೆ ಇಳಿದುಹೋದದ್ದು ಅವಳ ದೊಡ್ಡತನ.

ಹಲಗೆಗಳ ಮೇಲೆ ಗೋಣಿತಾಟು ಹಾಸಿ, ಮಣ್ಣು ಹರಡಿ, ಸಗಣಿ ಸಾರಿಸಿ, ಭಾನುವಾರದ ಬೆಳಗ್ಗೆಗೆ ಅಂಗಳ ಸಿದ್ಧವಾಯಿತು. ತುಳಸಿ ಬಂತು, ಡಬ್ಬಗಳಿಗೆ ಬಳ್ಳಿ ಬಂತು, ಕಾಲಿಗೆ ಹಗ್ಗ ಕಟ್ಟಿದ ಕೋಳಿ ಬಂತು. ಬಾಲ್ಕನಿಯಲ್ಲಿ ಎಲ್ಲವೂ ಇತ್ತು, ಕಾಲಿಡಲು ಜಾಗ ಒಂದು ಬಿಟ್ಟು! ಆದಿಲಕ್ಷ್ಮಮ್ಮ ಹೊಸ್ತಿಲೊಳಗೇ ಮಂಡಿಯೂರಿ, ಕೈ ಚಾಚಿ, ಬಾವಿಗೆ ಬಿದ್ದ ಕೊಡ ಹಿಡಿಯುವವಳಂತೆ ಬಗ್ಗಿ ಪುಟ್ಟದೊಂದು ರಂಗೋಲಿ ಹಾಕಿದಳು. ಕೋಳಿ ಬಂದು ಅದನ್ನು ತಿದ್ದಿತು.

ಬೂದಿಕೋಟೆಯಿಂದ ಬಂಗಾರಪೇಟೆಗೆ ಬಸ್ಸು, ಬಂಗಾರಪೇಟೆಯಿಂದ ರೈಲು ಹಿಡಿದು ದೊಡ್ಡವೆಂಕಟಪ್ಪ ಬಂದರು. ಕಂಕುಳಲ್ಲಿ ಒಂದು ಕುಂಬಳಕಾಯಿ.

"ಎಲ್ಲೈತೆ ಅಂಗಳ?"

ಕೋದಂಡಪ್ಪ ಬಾಗಿಲನ್ನು ನಾಟಕದ ಪರದೆಯಂತೆ ಸರಿಸಿದ. ಮಾವ ಬಹಳ ಹೊತ್ತು ನೋಡಿದರು.

"ಮಾಳಿಗೆ ಮೇಲೆ ರಂಗೋಲಿ ಆಕಿದ್ರೆ ಲಕ್ಷ್ಮಿ ಆರ್ಕೊಂಡ್ ಬರ್ಬೇಕಾ?"

"ಕೂತು ನೋಡಿ ಮಾವ. ನಿಮಗಂತ್ಲೇ ಜಗಲಿ!"

ದೊಡ್ಡವೆಂಕಟಪ್ಪ ಗೋಡೆ ಹಿಡಿದು, ತುಳಸಿಗೆ ಕೈಮುಗಿದು, ಕೋಳಿಯನ್ನು ದಾಟಿ ಜಗಲಿಯ ಮೇಲೆ ಕೂತರು. ಸರಪಳಿ ಕಿರ್ರೆಂದಿತು. ಮೊಳೆ ತಡೆಯಿತು. ಅವರು ಕುಂಬಳಕಾಯಿಯನ್ನು ತೊಡೆಯ ಮೇಲಿಟ್ಟುಕೊಂಡು ಬೀದಿಯ ಕಡೆ ನೋಡಿದರು. ಗಾಳಿ ಬಂತು. "ಊಂ, ಪರ್ವಾಗಿಲ್ಲ..." ಎನ್ನಲು ಬಾಯಿ ತೆರೆದರು. ಕೋದಂಡಪ್ಪ ಹೆಂಡತಿಯ ಕಡೆ ನೋಡಿ ಮೀಸೆ ತಿರುವಿದ. ಗೆದ್ದೆ!

ಆಗ ಭೂಮಿ ಗುಡುಗಿತು.

ಆ ಊರಿನಲ್ಲಿ ಅದು ಹೊಸತಲ್ಲ. ಸಾವಿರಾರು ಅಡಿ ಆಳದಲ್ಲಿ ಬಂಡೆ ಸಿಡಿದರೆ ಮೇಲೆ ಮನೆಗಳು ನಡುಗುತ್ತಿದ್ದವು. 'ಏರ್‌ಬ್ಲಾಸ್ಟ್' ಎನ್ನುತ್ತಿದ್ದರು. ಹಳಬರ ಮನೆಗಳಲ್ಲಿ ಎತ್ತರದ ಹಲಗೆಯ ಮೇಲೆ ಗಾಜಿನ ಸಾಮಾನು ಇಡುತ್ತಿರಲಿಲ್ಲ, ಮೊಳೆಯ ಮೇಲೆ ಭಾರ ಬಿಡುತ್ತಿರಲಿಲ್ಲ, ಮಾವನನ್ನಂತೂ ಯಾರೂ ತೂಗುಹಾಕುತ್ತಿರಲಿಲ್ಲ!

ಮೊಳೆ ಕಿತ್ತು ಬಂತು. ಮಾವನವರು ಬಂಗಾರದ ಅಂಗಳದ ನಟ್ಟನಡುವೆ ಪ್ರತಿಷ್ಠಾಪಿತರಾದರು. ಗೋಣಿತಾಟು ಜರುಗಿತು. ಅಂಗಳ, ಅಷ್ಟೂ ಅಂಗಳ, ಹಲಗೆಗಳ ಸಂದಿನಿಂದ ಸೊರ್ರನೆ ಕೆಳಗಿಳಿಯಿತು. ಬಳ್ಳಿಯ ಡಬ್ಬಗಳು ಒಂದಾದ ಮೇಲೊಂದು ಬೀದಿಗೆ ಹಾರಿದವು. ಹಗ್ಗ ಕಿತ್ತುಕೊಂಡ ಕೋಳಿ ಕುಪ್ಪುಸ್ವಾಮಿಯ ಗಲ್ಲಾಪೆಟ್ಟಿಗೆಯ ಮೇಲೆ ಹೋಗಿ ಕೂತಿತು. ತುಳಸಿಯೊಂದೇ ಅಲುಗಲಿಲ್ಲ.

ಆಮೇಲೆ ಬೀದಿಯೇ ನಿಶ್ಶಬ್ದ. ಮೈಮೇಲೆ ಮಣ್ಣು ಸುರಿಸಿಕೊಂಡ ಗಂಡಸರು ಬೆಂಚಿನಿಂದ ಏಳಲಿಲ್ಲ, ಬೈಯಲೂ ಇಲ್ಲ. ಲೋಟ ಹಿಡಿದ ಕೈ ಹಾಗೇ ನಿಂತಿತ್ತು. ಮನೆಮನೆಯ ಹೆಂಗಸರು ಬಾಗಿಲಿಗೆ ಬಂದು ಗಣಿಯ ಕಡೆ ಮುಖ ಮಾಡಿ ನಿಂತರು. ಎಲ್ಲರೂ ಕಿವಿಗೊಟ್ಟಿದ್ದರು, ಹೊತ್ತಲ್ಲದ ಹೊತ್ತಿನಲ್ಲಿ ಸಂಗು ಕೂಗದಿರಲಿ ಎಂದು. ಕೂಗಿದರೆ ಗಣಿಯೊಳಗೆ ಯಾರೋ ಸಿಕ್ಕಿಬಿದ್ದರೆಂದೇ ಅರ್ಥ. ದೊಡ್ಡವೆಂಕಟಪ್ಪ ಕೂಡ ಯಾಕೆಂದು ತಿಳಿಯದೆಯೇ ಉಸಿರು ಹಿಡಿದರು.

ಸಂಗು ಕೂಗಲಿಲ್ಲ. ಬೀದಿ ಉಸಿರು ಬಿಟ್ಟಿತು. "ಮುರುಗಾ!" ಎಂದಿತು ಒಂದು ದನಿ, "ಗೋವಿಂದ!" ಎಂದಿತು ಇನ್ನೊಂದು. ಆಮೇಲೆ ಎಲ್ಲರೂ ತಮ್ಮ ತಮ್ಮ ಲೋಟ ನೋಡಿಕೊಂಡರು.

ಗಣಿಯ ಹಳೆ ಕೆಲಸಗಾರ ಆರುಮುಗಂ ಅಷ್ಟರಲ್ಲಿ ಒಂದು ಗುಟುಕು ಕುಡಿದಿದ್ದ. ನಾಲಿಗೆ ಚಪ್ಪರಿಸಿದ. ಮೇಲೆ ನೋಡಿದ. ಕೆಳಗೆ ನೋಡಿದ.

"ಡೇ ಕುಪ್ಪೂ! ಇದು ಸಕ್ಕರೆ ಇಲ್ಲೆ ಡಾ! ಸಯನೈಡ್ ಮಣ್ಣು!"

ಸಯನೈಡ್! ಆ ಒಂದು ಮಾತಿಗೆ ಬೆಂಚುಗಳೆರಡೂ ಮಗುಚಿದವು. ಒಬ್ಬ ಮಜ್ಜಿಗೆ ಕೇಳಿದ, ಇನ್ನೊಬ್ಬ ಹುಣಸೆಹಣ್ಣಿನ ನೀರು ಕೇಳಿದ. ಮತ್ತೊಬ್ಬ ನೆಲದ ಮೇಲೆ ಅಂಗಾತ ಮಲಗಿ, "ನನ್ ಸೈಕಲ್ಲು ತಮ್ಮನಿಗೆ ಕೊಡಿ, ಭಾವನಿಗೆ ಮಾತ್ರ ಕೊಡಬೇಡಿ" ಎಂದು ಕೊನೆಯ ಮಾತನ್ನೂ ಆಡಿಮುಗಿಸಿದ. ಕುಪ್ಪುಸ್ವಾಮಿ ಎದೆ ಬಡಿದುಕೊಂಡ. "ಅಯ್ಯಯ್ಯೋ! ಎನ್ನ ಸಾರ್ ಇದು? ಬಾಡಿಗೆಗೆ ಮನೆ ಕೇಳಿದಿರಿ, ಕೊಟ್ಟೆ. ನನ್ನ ಗಿರಾಕಿಗಳನ್ನ ಕೊಲ್ಲುತ್ತೇನೆ ಅಂತ ಮೊದಲೇ ಹೇಳಿದಿರಾ?"

ಕೋದಂಡಪ್ಪ ಕಂಬಿ ಹಿಡಿದು ನಿಂತ. ಗಾಬರಿಯಾದಾಗ ಅವನ ಗುಮಾಸ್ತಿಕೆಯ ಕನ್ನಡ ಬಿಟ್ಟುಹೋಗಿ ಊರ ಕನ್ನಡ ಬರುತ್ತಿತ್ತು. "ನಾನೇನ್ ಮಾಡ್ಲಣ್ಣ! ನಂಗೆ ಗೊತ್ತಿಲ್ದೆ ಓಯ್ತು!"

ಕಾಪಾಡಿದವಳು ಹಾಲಿನ ಚೊಂಬು ಹಿಡಿದು ಬಂದ ಮುನಿಶಾಮಮ್ಮ. "ಏಳ್ರೋ ಮೇಲಕ್ಕೆ! ಗಾಳಿ ಬೀಸ್ದಾಗೆಲ್ಲ ಊರೇ ಈ ಮಣ್ಣು ತಿಂತೈತೆ. ಸಾಯಂಗಿದ್ರೆ ಎಂದೋ ಸತ್ತಿರ್ತಿದ್ವಿ. ನನ್ ಎಮ್ಮೆ ದಿನಾ ದಿಬ್ಬದ್ ಮೇಲೇ ಒರಳಾಡ್ತೈತೆ, ಅದು ಸತ್ತೈತಾ?"

ಮಲಗಿದ್ದವನು ಒಂದು ಕಣ್ಣು ತೆರೆದ. "ನೀನು ಕೊಡೋ ಹಾಲು ನೋಡಿದರೆ ಸತ್ತಂಗೇ ಇದೆ ಅಕ್ಕಾ" ಎಂದ.

ನಗು ಎಲ್ಲಿಂದ ಬಂತೋ! ಆರುಮುಗಂ ಮೊದಲು ನಕ್ಕ, ಆಮೇಲೆ ಬೆಂಚು ನಕ್ಕಿತು, ಆಮೇಲೆ ಬೀದಿ.

ಆ ನಗುವಿನ ನಡುವೆ ಮೆಟ್ಟಿಲಿನಿಂದ ಆದಿಲಕ್ಷ್ಮಮ್ಮ ಇಳಿದುಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲಿ ಪೊರಕೆ. ಗಂಡ ಸುರಿದದ್ದನ್ನು ಗುಡಿಸಿದಳು. ಬೆಂಚು ಸರಿಸಲು ಅವಳು ಬಾಯಿಬಿಟ್ಟು ಹೇಳಲಿಲ್ಲ, ಪೊರಕೆ ಹತ್ತಿರ ಬಂದ ಹಾಗೆ ಗಂಡಸರೇ ಕಾಲೆತ್ತಿಕೊಂಡರು. ನೀರು ಚಿಮುಕಿಸಿದಳು. ಅಷ್ಟು ಅಗಲದ ನೆಲ ಸಿಕ್ಕಿ ಎಷ್ಟು ಕಾಲವಾಗಿತ್ತೋ, ಕೈ ತಾನೇ ಓಡಿತು. ಚುಕ್ಕಿಯಿಟ್ಟಳು, ಎಳೆ ಎಳೆದಳು. ಹೋಟೆಲಿನ ಮುಂದಿನ ಬೀದಿಯಲ್ಲಿ ಈ ತುದಿಯಿಂದ ಆ ತುದಿಯವರೆಗೆ ಬೂದಿಕೋಟೆಯ ರಂಗೋಲಿ ಹರಡಿತು.

ಕುಪ್ಪುಸ್ವಾಮಿ ಕೋಳಿಯನ್ನು ಕಂಕುಳಲ್ಲಿ ಹಿಡಿದುಕೊಂಡೇ ಹೊರಗೆ ಬಂದ. ಬೈಯಲು ಬಾಯಿ ತೆರೆದವನು ಎಳೆ ತುಳಿಯದಂತೆ ಪಕ್ಕಕ್ಕೆ ಸರಿದ.

"ಅಮ್ಮಾ," ಎಂದ, "ನಮ್ಮ ಮನೆಯವಳು ಹೋದ ಮೇಲೆ ಈ ವಾಸಲಿನಲ್ಲಿ, ಈ ಬಾಗಿಲಲ್ಲಿ, ಕೋಲಂ ರಂಗೋಲಿ ಬಿದ್ದೇ ಇಲ್ಲ. ನಾಳೆಯೂ ಹಾಕುತ್ತೀರಾ?"

ಆದಿಲಕ್ಷ್ಮಮ್ಮ ತಲೆ ಎತ್ತಿ ಮೇಲೆ ನೋಡಿದಳು. ಬಾಲ್ಕನಿಯಲ್ಲಿ ತಲೆಯಿಂದ ಕಾಲಿನವರೆಗೆ ಬೂದಿ ಬಳಿದುಕೊಂಡ ಅಪ್ಪ, ಪಕ್ಕದಲ್ಲಿ ಗಂಡ.

"ಇದಪ್ಪಾ ಅಂಗಳ ಅಂದ್ರೆ!" ಎಂದರು ದೊಡ್ಡವೆಂಕಟಪ್ಪ. "ಕೇಳ್ತಾ ಔರಲ್ಲ, ಆಕಮ್ಮ ತಾಯಿ, ದಿನಾ ಆಕು."

"ನಾನೂ ಇದನ್ನೇ ಯೋಚನೆ ಮಾಡಿದ್ದೆ ಮಾವ" ಎಂದ ಕೋದಂಡಪ್ಪ.

ಮಾವ ಅವನ ಕಡೆ ಒಮ್ಮೆ ನೋಡಿದರು. ಕೋದಂಡಪ್ಪ ಬಗ್ಗಿ ಕಿತ್ತುಬಂದ ಮೊಳೆ ಹುಡುಕತೊಡಗಿದ.

ಸಂಜೆಯ ರೈಲಿಗೆ ಅವರು ಹೊರಟಾಗ ಕೋದಂಡಪ್ಪ ಬೀದಿಯವರೆಗೂ ಹಿಂದೆಯೇ ಇಳಿದುಬಂದ. ಮಾವ ಟವೆಲು ಕೊಡವಿದರು, ಬೀದಿಯಲ್ಲಿ ನಿಂತು ರಂಗೋಲಿಯನ್ನು ಇನ್ನೊಮ್ಮೆ ನೋಡಿದರು, ಕೋಳಿಯನ್ನು ಕಂಕುಳಿಗೆ ಸೇರಿಸಿಕೊಂಡರು.

"ಮಗಳು ಇರ್ಲಿ ಅಳಿಯಂದ್ರೇ. ಕೋಳಿ ಮಾತ್ರ ನಿಮ್ಮತ್ರ ಬಿಡೋಕೆ ಧೈರ್ಯ ಬರ್ತಿಲ್ಲ."

ಅಂದಿನಿಂದ ಬಾಲ್ಕನಿಯಲ್ಲಿ ಉಳಿದದ್ದು ಒಂದು ತುಳಸಿ, ಒಂದು ಮಣೆ. ಬೆಳಗಿನ ಸಂಗಿಗೆ ಮುಂಚೆ ಕೋದಂಡಪ್ಪ ಮಣೆಯ ಮೇಲೆ ಕೂತು, ಕಂಬಿಯ ಸಂದಿನಲ್ಲಿ ಮುಖವಿಟ್ಟು ಕೆಳಗೆ ನೋಡುತ್ತಿದ್ದ. ಬೀದಿದೀಪದ ಬೆಳಕಿನಲ್ಲಿ ಅವಳು ಹಿಂದೆ ಹಿಂದೆ ಹೆಜ್ಜೆಯಿಡುತ್ತ ಎಳೆ ಎಳೆಯುತ್ತಿದ್ದಳು. ಕುಪ್ಪುಸ್ವಾಮಿಯ ಒಲೆಯ ಹೊಗೆ, ಕಾಫಿಯ ಘಮ, ದೂರದಲ್ಲಿ ಬಂಗಾರಪೇಟೆಯ ಕಡೆಯ ರೈಲಿನ ಕೂಗು. ಬೀದಿಯಲ್ಲಿ ಹೋಗುವವರಿಗೆ ರಂಗೋಲಿ ಚೂರುಚೂರಾಗಿ ಕಾಣುತ್ತಿತ್ತು. ಪೂರ್ತಿ ಕಾಣುತ್ತಿದ್ದದ್ದು ಅವನೊಬ್ಬನಿಗೆ. ಮೂರಡಿ ಅಗಲ ಎಂಟಡಿ ಉದ್ದದ ಜಾಗಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗ ಯಾವ ನಕ್ಷೆಯಲ್ಲಿತ್ತು?

ಒಂದು ಬೆಳಗ್ಗೆ ಸುಖ ತಡೆಯಲಾರದೆ ಮೇಲಿನಿಂದ ಅಂದೇಬಿಟ್ಟ: "ಲೇ, ಟಾಕೀಸಲ್ಲಿ ಒಂದಿನಾನೂ ಬಾಲ್ಕನಿ ಸಿಗಲಿಲ್ಲ ಕಣೇ ನಂಗೆ. ಈಗ ನೋಡು, ದಿನಾ ಬಿಟ್ಟಿ ಬಾಲ್ಕನಿ!"

ಆದಿಲಕ್ಷ್ಮಮ್ಮ ತಲೆ ಎತ್ತಲಿಲ್ಲ. ಚುಕ್ಕಿ ತಪ್ಪದಂತೆ ಎಳೆ ಮುಗಿಸಿ, ಖಾಲಿ ಬಿಂದಿಗೆಯನ್ನು ಕಾಲಿನಿಂದ ಮೆಟ್ಟಿಲಿನ ಕಡೆ ತಳ್ಳಿದಳು.

"ಬಿಟ್ಟಿ ಅಂತ ಯಾರಂದ್ರು? ಇಳಿದ್ಬಂದು ನಲ್ಲಿತಾವ ಎರಡು ಬಿಂದಿಗೆ ನೀರು ಇಡ್ಕೊಂಡ್ ಬನ್ನಿ. ಟಿಕೀಟು ಇಲ್ದೋರ್ನ ಬಾಲ್ಕನೀಲಿ ಕೂರ್ಸಾಕಿಲ್ಲ!"