ಮುಟ್ಟಿದ ಕಾಯಿ ನಡೆಸಲೇಬೇಕು

ಅನುಮಾನ ಪಡುವುದು ದುರ್ಗುಣ ಎನ್ನುವವರು ಯಾರೂ ಸಬ್‌ರಿಜಿಸ್ಟ್ರಾರ್ ಆಫೀಸಿನ ಮುಂದೆ ಒಂದು ವಾರ ಕೂತವರಲ್ಲ. ನಾನು ಇಪ್ಪತ್ತಾರು ವರ್ಷದಿಂದ ಕೂತಿದ್ದೇನೆ. ಚನ್ನಪಟ್ಟಣದಲ್ಲಿ ಪತ್ರ ಬರಹಗಾರ ಪುಟ್ಟಸ್ವಾಮಿ ಎಂದರೆ ನಾನೇ. ವಿರೂಪಾಕ್ಷಿಪುರದ ಕಡೆಯಿಂದ ಇಬ್ಬರು ಅಣ್ಣತಮ್ಮಂದಿರು ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿಕೊಂಡು ಬಂದರೆ, ಮೂರನೆಯ ತಮ್ಮ ಎಲ್ಲಿ ಎಂದು ಮೊದಲು ಕೇಳುತ್ತೇನೆ. ಆ ಪ್ರಶ್ನೆ ಇದುವರೆಗೆ ದಂಡವಾಗಿಲ್ಲ. ಹೆಬ್ಬೆಟ್ಟಿನ ಗುರುತು ನೋಡಲು ಇಟ್ಟುಕೊಂಡಿರುವ ಭೂತಕನ್ನಡಿಯಲ್ಲಿ ಮನೆಗೆ ಬಂದ ಹಾಲನ್ನೂ ನೋಡಿದವನು ನಾನು. ‘ಊಟ ಚೆನ್ನಾಗೈತೆ ಅನ್ನೋಕೂ ನಿಮ್ಗೆ ಇಬ್ರು ಸಾಕ್ಷಿ ಬೇಕು’ ಎನ್ನುತ್ತಾಳೆ ನನ್ನ ಹೆಂಡತಿ ಜಯಮ್ಮ. ಅವಳು ಹಾಗೆ ಯಾಕೆ ಹೇಳಿದಳು ಎಂಬುದರ ಬಗ್ಗೆಯೂ ನನಗೆ ಸ್ವಲ್ಪ ಅನುಮಾನವಿದೆ.

ಇಂಥ ನಾನು ನೆಮ್ಮದಿಯಾಗಿ ಕೂರುತ್ತಿದ್ದ ಜಾಗ ಊರಿನಲ್ಲಿ ಒಂದೇ ಇತ್ತು. ಅದು ಭಾನುವಾರ ಮಧ್ಯಾಹ್ನದ ಖಲೀಲನ ಕಾರ್ಖಾನೆ. ಕಾರ್ಖಾನೆ ಎಂದರೆ ಒಂದು ಲೇತು, ಒಂದು ಬೆಂಚು, ಪಾದ ಮುಚ್ಚುವಷ್ಟು ಹಾಲೆಮರದ ಹೊಟ್ಟು. ಖಲೀಲ ಹೈಸ್ಕೂಲಿನಲ್ಲಿ ನನ್ನ ಬೆಂಚಿನವನು. ಅವನ ಅಪ್ಪನಂತೆ ಅವನೂ ಬೊಂಬೆ ಕಡೆಯುವವನು. ಹನ್ನೊಂದು ವರ್ಷದ ಹಿಂದೆ ನಾವಿಬ್ಬರೂ ಚದುರಂಗ ಆಡಲು ಶುರುಮಾಡಿದಾಗ ಕಾಯಿಗಳನ್ನು ಅವನೇ ಕಡೆದು, ಕೆಂಪು ಹಳದಿ ಅರಗು ಹಚ್ಚಿ, ತಾಳೆಗರಿಯಲ್ಲಿ ಉಜ್ಜಿ ಹೊಳಪು ಕೊಟ್ಟ. ಲೇತಿನಲ್ಲಿ ದುಂಡಗಿನದು ಮಾತ್ರ ಹುಟ್ಟುತ್ತದೆ. ಹಾಗಾಗಿ ನಮ್ಮ ಕುದುರೆಗೆ ಮುಖವಿಲ್ಲ, ಆನೆಗೆ ಸೊಂಡಿಲಿಲ್ಲ. ಎಲ್ಲರೂ ಒಂದೇ ಮನೆತನದವರಂತೆ ದುಂಡು ದುಂಡಾಗಿರುತ್ತಾರೆ. ಸಿಪಾಯಿಯ ತಲೆ ಬೋಳು, ಒಂಟೆಯ ತಲೆಯ ಮೇಲೆ ಒಂದು ಸಣ್ಣ ಗೀರು, ಅಷ್ಟೇ ವ್ಯತ್ಯಾಸ.

ಒಂದು ಕರಾರೂ ಮಾಡಿಕೊಂಡೆವು. ಗೆದ್ದವನು ಕೆಂಪು ರಾಜನನ್ನು ವಾರವಿಡೀ ತನ್ನ ಮನೆಯಲ್ಲಿಟ್ಟುಕೊಂಡು ಮುಂದಿನ ಭಾನುವಾರ ತರಬೇಕು. ಜಯಮ್ಮ ಷೋಕೇಸಿನಲ್ಲಿ ರಾಜನಿಗೆಂದು ಜಾಗ ಮಾಡಿದಳು. ಹನ್ನೊಂದು ವರ್ಷ ಆ ಜಾಗದಲ್ಲಿ ಧೂಳು ಕೂತಿತ್ತು. ರಾಜ ಖಲೀಲನ ರೇಡಿಯೋದ ಮೇಲೆ ಕೂತಿದ್ದ. ಈ ನಡುವೆ ರೇಡಿಯೋ ಕೆಟ್ಟು ಬೇರೆ ರೇಡಿಯೋ ಬಂತು, ರಾಜ ಮಾತ್ರ ಅಲ್ಲಿಂದ ಕದಲಲಿಲ್ಲ. ನನಗೆ ಬೇಜಾರಾಗುತ್ತಿತ್ತು, ಆದರೆ ಅನುಮಾನ ಇರಲಿಲ್ಲ. ಅದನ್ನು ನನ್ನ ತಲೆಗೆ ಹಾಕಿದ್ದು ಒಂದು ಪುಸ್ತಕ.

ಕನಕಪುರಕ್ಕೆ ಒಂದು ಪತ್ರದ ಕೆಲಸಕ್ಕೆ ಹೋಗಿದ್ದಾಗ ಬಸ್ ಸ್ಟ್ಯಾಂಡಿನ ಹತ್ತಿರ ಹಳೇ ಪುಸ್ತಕ ಹರಡಿಕೊಂಡಿದ್ದವನ ಬಳಿ ಚದುರಂಗದ ಚರಿತ್ರೆಯ ಇಂಗ್ಲಿಷ್ ಪುಸ್ತಕ ಸಿಕ್ಕಿತು. ಹಿಂದೆ ಆಟದ ನಿಯಮಗಳು, ಮುಂದೆ ಮಹಾಮಹಾ ಪಂದ್ಯಗಳು. ಒಂದೂವರೆ ಶತಮಾನಕ್ಕೂ ಹಿಂದೆ ಒಬ್ಬ ಮಹಾನುಭಾವ ಒಂದು ಒಂಟೆ, ಎರಡೂ ಆನೆ, ಕೊನೆಗೆ ಮಂತ್ರಿಯನ್ನೂ ಎದುರಾಳಿಗೆ ತಿನ್ನಿಸಿ, ಉಳಿದ ಚಿಕ್ಕ ಕಾಯಿಗಳಿಂದಲೇ ರಾಜನನ್ನು ಕಟ್ಟಿಹಾಕಿದನಂತೆ. ಮುಂದಿನ ಭಾನುವಾರ ನಾನೂ ಗಂಟಲು ಸರಿಮಾಡಿಕೊಂಡು ಎರಡೂ ಆನೆ ಕೊಟ್ಟೆ. ಖಲೀಲ ಎರಡನ್ನೂ ತೆಗೆದು ಪಕ್ಕಕ್ಕಿಟ್ಟು, ‘ಮುಂದಕ್ಕೇನ್ಲಾ?’ ಎಂದ. ಮುಂದಕ್ಕೇನು ಎಂಬುದು ನನಗೂ ಗೊತ್ತಿರಲಿಲ್ಲ.

ಆದರೆ ಆ ಪುಸ್ತಕದಲ್ಲಿ ನನಗೆ ಹಿಡಿಸಿದ್ದು ಆಟಕ್ಕಿಂತ ಆಟಗಾರರ ಅನುಮಾನಗಳು. ಅರ್ಧ ಶತಮಾನದ ಹಿಂದೆ ಒಂದು ಚಳಿದೇಶದ ದ್ವೀಪದಲ್ಲಿ ನಡೆದ ವಿಶ್ವ ಪಂದ್ಯದಲ್ಲಿ, ತಮ್ಮವನಿಗೆ ಏನೋ ಮಾಡಿದ್ದಾರೆ ಎಂದು ಒಂದು ಕಡೆಯವರು ದೂರು ಕೊಟ್ಟರಂತೆ. ಇಬ್ಬರ ಕುರ್ಚಿಗೂ ಎಕ್ಸ್‌ರೇ ತೆಗೆಸಿ, ದೀಪ ಬಿಚ್ಚಿ ನೋಡಿದರೆ ಸಿಕ್ಕಿದ್ದು ಎರಡು ಸತ್ತ ನೊಣ. ಇನ್ನೊಂದು ಪಂದ್ಯದಲ್ಲಿ ಆಟದ ನಡುವೆ ಒಬ್ಬನಿಗೆ ಮೊಸರು ಬಂತು. ಎದುರು ಪಾಳೆಯದವರು ‘ಈಗಲೇ ಯಾಕೆ ಮೊಸರು, ಈ ಬಣ್ಣದ್ದೇ ಯಾಕೆ, ಇದು ಗುಪ್ತ ಸಂದೇಶ’ ಎಂದು ತಕರಾರು ಎತ್ತಿದರು. ಸಭೆಯಲ್ಲಿ ಯಾರೋ ದುರುಗುಟ್ಟಿ ನೋಡಿ ಮಂಕು ಕವಿಸುತ್ತಿದ್ದಾನೆಂದು ಅದೇ ಪಂದ್ಯದಲ್ಲಿ ಒಬ್ಬ ಕನ್ನಡಿಯಂಥ ಕನ್ನಡಕ ಹಾಕಿಕೊಂಡು ಕೂತ. ಓದುತ್ತ ಓದುತ್ತ ಕಣ್ಣು ತುಂಬಿ ಬಂತು. ಜಗತ್ತಿನ ದೊಡ್ಡ ದೊಡ್ಡ ತಲೆಗಳೆಲ್ಲ ನನ್ನ ಜಾತಿಯವೇ. ಅಂದಮೇಲೆ ನಾನು ಹನ್ನೊಂದು ವರ್ಷ ಸೋತದ್ದು ಬುದ್ಧಿ ಸಾಲದೆ ಇರಲಾರದು ಎಂದು ತೀರ್ಮಾನಿಸಿದೆ.

ಮೊದಲು ಟೀ ಮೇಲೆ ಕಣ್ಣಿಟ್ಟೆ. ಖಲೀಲನ ಹೆಂಡತಿ ಶಾಹಿದಾ ನನ್ನ ಆಟ ಕೆಡುವ ಹೊತ್ತಿಗೇ ಟೀ ತರುತ್ತಿದ್ದಳು. ಲೋಟ ಎಡಗಡೆ ಇಟ್ಟರೆ ಒಂದರ್ಥ, ಬಲಗಡೆ ಇಟ್ಟರೆ ಇನ್ನೊಂದರ್ಥ ಇರಬಹುದೆಂದು ನಾಲ್ಕು ವಾರ ಬರೆದಿಟ್ಟುಕೊಂಡೆ. ಕೊನೆಗೆ ಟೀಯನ್ನೇ ಬೇಡವೆಂದೆ. ‘ಯಾಕಣ್ಣಾ, ಸಕ್ಕರೆ ಕಾಯ್ಲೆ ಬಂತಾ?’ ಎಂದಳು ಪಾಪ. ಟೀ ಇಲ್ಲದೆಯೂ ಸೋತೆ. ಜಾಗ ಬದಲಿಸಿ ಬಾಗಿಲ ಕಡೆ ಕೂತೆ, ಗಾಳಿಗೆ ಹೊಟ್ಟು ಕಣ್ಣಿಗೆ ಬಿತ್ತು.

ಆಗ ಕಂಡದ್ದು ಖಲೀಲನ ಕೈ. ಮೊದಲೆಲ್ಲ ಬೆಂಚಿನ ಮೇಲೆ ಸುಮ್ಮನಿರುತ್ತಿದ್ದ ಕೈ ಈಗ ಕೆಲವು ತಿಂಗಳಿಂದ ಪ್ರತಿ ನಡೆಗೂ ಮುಂಚೆ ಕಾಯಿಗಳ ತಲೆ ಸವರುತ್ತಿತ್ತು. ಸ್ಕೂಲಿನಲ್ಲಿ ಮೇಷ್ಟ್ರು ಮಕ್ಕಳ ತಲೆ ಎಣಿಸುವ ಹಾಗೆ ಒಂದೊಂದನ್ನೇ ಮುಟ್ಟಿ, ಮುಖ ಓರೆ ಮಾಡಿ, ಆಮೇಲೆ ನಡೆಸುತ್ತಿದ್ದ. ಕಡೆದವನು ಅವನೇ. ಏನೋ ಗುರುತು ಮಾಡಿದ್ದಾನೆ ಎಂದುಕೊಂಡೆ. ಅವನು ಹೊರಗೆ ಹೋದಾಗ ಭೂತಕನ್ನಡಿ ತೆಗೆದು ಮೂವತ್ತೆರಡು ಕಾಯಿಗಳನ್ನೂ ಪರೀಕ್ಷಿಸಿದೆ. ಏನೂ ಸಿಗಲಿಲ್ಲ. ಇಸ್ಪೀಟಾದರೆ ಗುರುತು ಮಾಡಿ ಲಾಭವುಂಟು, ಎಲ್ಲವೂ ಕಣ್ಣೆದುರಿಗೇ ಇರುವ ಆಟದಲ್ಲಿ ಗುರುತು ಯಾಕೆ ಬೇಕು ಎಂಬ ಪ್ರಶ್ನೆ ಇಪ್ಪತ್ತಾರು ವರ್ಷದ ಅನುಭವಸ್ಥನಿಗೆ ಹೊಳೆಯಲಿಲ್ಲ.

ಗುರುತು ಸಿಗದಿದ್ದರೇನು, ನಿಯಮ ಸಿಕ್ಕಿತು. ಪುಸ್ತಕದ ಕೊನೆಯಲ್ಲಿ, ಆಟಗಾರನು ತನ್ನ ಸರದಿಯಲ್ಲಿ ಯಾವ ಕಾಯಿಯನ್ನು ಮುಟ್ಟುತ್ತಾನೋ ಅದನ್ನೇ ನಡೆಸಬೇಕು ಎಂದಿತ್ತು. ಭಾನುವಾರ ಪುಸ್ತಕ ಎತ್ತಿಕೊಂಡು ಹೋಗಿ, ಗಂಟಲು ಸರಿಮಾಡಿಕೊಂಡು, ಕ್ರಯಪತ್ರ ಓದುವ ಧಾಟಿಯಲ್ಲಿ ಕನ್ನಡದಲ್ಲಿ ಓದಿ ಹೇಳಿದೆ. ಅದರ ಕೆಳಗೇ ಇನ್ನೊಂದು ಸಾಲಿತ್ತು: ಕಾಯಿಯನ್ನು ಸರಿಪಡಿಸುತ್ತೇನೆಂದು ಮೊದಲೇ ಹೇಳಿ ಮುಟ್ಟಿದರೆ ಅಡ್ಡಿಯಿಲ್ಲ ಎಂದು. ಆ ಸಾಲನ್ನು ನಾನು ಓದಲಿಲ್ಲ. ಯಾಕೆ ಓದಲಿಲ್ಲ ಎಂದು ಕೇಳಬೇಡಿ, ಪುಸ್ತಕ ಮುಚ್ಚಿಕೊಂಡುಬಿಟ್ಟಿತು.

ಖಲೀಲ ಕಾಯಿಗಳ ಮೇಲಿದ್ದ ಕೈ ಹಿಂದಕ್ಕೆ ತೆಗೆದುಕೊಂಡ. ಆಮೇಲೆ, ‘ಬರ್ದಿರೋದೇ ಅಂಗಿದ್ರೆ ಅಂಗೇ ಆಡಾನ ಬುಡ್ಲಾ’ ಎಂದ. ಅವತ್ತು ಅವನು ಒಂಟೆಯೆಂದು ಕೈ ಇಟ್ಟದ್ದು ಸಿಪಾಯಿಯಾಗಿತ್ತು. ‘ಮುಟ್ಟಿದ ಕಾಯಿ’ ಎಂದೆ. ಸಿಪಾಯಿಯನ್ನೇ ನಡೆಸಿದ, ಮಂತ್ರಿ ಹೋಯಿತು, ಹನ್ನೊಂದು ವರ್ಷದ ಮೇಲೆ ಕೆಂಪು ರಾಜ ನನ್ನ ಜೇಬಿನಲ್ಲಿ ಕೂತು ಮನೆಗೆ ಬಂದ. ಷೋಕೇಸಿನ ಧೂಳು ಒರೆಸಿದ್ದು ನಾನೇ. ಮುಂದಿನ ವಾರವೂ ಗೆದ್ದೆ, ಅದರ ಮುಂದಿನ ವಾರವೂ ಗೆದ್ದೆ. ಆಫೀಸಿನ ಮುಂದೆ ಪತ್ರ ಬರೆಸಲು ಬಂದವರಿಗೆಲ್ಲ ಚಕ್ಕುಬಂದಿಯ ನಡುವೆ ನನ್ನ ಆಟದ ವಿವರಣೆಯೂ ಸಿಗತೊಡಗಿತು. ಮರಳವಾಡಿಯಿಂದ ನೆಂಟರ ಪತ್ರಕ್ಕೆ ಬಂದಿದ್ದ ಒಬ್ಬ ರೈತ ಎಲ್ಲವನ್ನೂ ಕೇಳಿ, ‘ಅದಿರ್ಲಿ ಸ್ವಾಮಿ, ಪಡುವಲಕ್ಕೆ ನಮ್ಮ ಭಾವನ ಹೊಲ ಅಂತ ಬರ್ಕಳಿ’ ಎಂದ.

ಐದನೆಯ ಗೆಲುವಿಗೆ ಹೊಸ ಅನುಮಾನ ಶುರುವಾಯಿತು. ಇವನು ಯಾಕೆ ಸೋಲುತ್ತಿದ್ದಾನೆ? ಪುಸ್ತಕ ಪೂರ್ತಿ ತಿರುವಿ ಹಾಕಿದೆ. ಗೆಲ್ಲಲು ಮೋಸ ಮಾಡಿದವರು ಬೇಕಾದಷ್ಟು ಜನ ಇದ್ದರು, ಸೋಲಲು ಮೋಸ ಮಾಡಿದವನು ಒಬ್ಬನೂ ಸಿಗಲಿಲ್ಲ. ಏನೋ ಕೆಲಸ ಆಗಬೇಕಾಗಿದೆ, ಅದಕ್ಕೆ ನನ್ನನ್ನು ಉಬ್ಬಿಸುತ್ತಿದ್ದಾನೆ ಎಂದುಕೊಂಡೆ. ಆರನೆಯ ಭಾನುವಾರ ಕಾಯಿ ಜೋಡಿಸುವ ಮುಂಚೆಯೇ ಖಲೀಲ, ‘ನಿನ್ನಿಂದ ಒಂದು ಪತ್ರ ಆಗ್ಬೇಕು ಕಣ್ಲಾ ಪುಟ್ಸಾಮಿ’ ಎಂದಾಗ ಒಳಗೊಳಗೇ ಹಿಗ್ಗಿದೆ. ಸಿಕ್ಕಿಬಿದ್ದ ಎಂದುಕೊಂಡೆ.

‘ಈ ಕಾರ್ಖಾನೆ ಜಾಗ್ವ ಶಾಹಿದಾ ಹೆಸ್ರಿಗೆ ದಾನಪತ್ರ ಬರ್ದ್ಬುಡು. ಅವ್ಳು ಯಾರ್ಗಾದ್ರೂ ಬಾಡ್ಗೆಗೆ ಕೊಟ್ಕತಾಳೆ’ ಎಂದ. ಯಾಕೆ, ಏನು ಎಂದು ಕೇಳಿದರೆ ಮಾತು ಹಾರಿಸಿದ. ಅಲ್ಲೇ ಒಂದು ಕರಡು ಬರೆದೆ. ಮೊದಲು ನೋಡಿಕೋ ಎಂದರೂ ಕೇಳದೆ, ‘ನೀನು ಬರ್ದಿದ್ಮೇಲೆ ಮುಗೀತು’ ಎಂದು ಪೆನ್ನು ತೆಗೆದುಕೊಂಡ. ಅವನ ರುಜು ನನಗೆ ಹೈಸ್ಕೂಲಿನಿಂದ ಗೊತ್ತು, ಮುತ್ತು ಪೋಣಿಸಿದ ಹಾಗೆ ಇರುತ್ತಿತ್ತು. ಅವತ್ತು ಅದು ಕಾಗದದ ಅಂಚಿನಲ್ಲಿ ಶುರುವಾಗಿ, ಕಾಗದ ದಾಟಿ, ಬೆಂಚಿನ ಮೇಲೆ ಮುಗಿಯಿತು. ಅವನಿಗೆ ಅದು ಗೊತ್ತೂ ಆಗಲಿಲ್ಲ. ಪೆನ್ನಿಗೆ ಕ್ಯಾಪ್ ಹಾಕಲು ತಡವರಿಸುತ್ತಿದ್ದ. ಪೆನ್ನನ್ನು ಅವನ ಕೈಯಿಂದ ತೆಗೆದುಕೊಂಡು ನಾನೇ ಕ್ಯಾಪ್ ಹಾಕಿದೆ.

‘ಎಷ್ಟ್ ದಿನದಿಂದ ಕಣ್ಲಾ?’ ಎಂದೆ.

‘ಉಗಾದಿಯಿಂದ. ಕೆಂಪು ಯಾವ್ದು ಹಳದಿ ಯಾವ್ದು ಗೊತ್ತಾಯ್ತದೆ. ಒಂಟೆ ಯಾವ್ದು ಸಿಪಾಯಿ ಯಾವ್ದು ಕಾಣಾಕಿಲ್ಲ. ಕೈಗೆ ಗೊತ್ತಾಯ್ತಿತ್ತು. ನೀನು ಮುಟ್ಟಂಗಿಲ್ಲ ಅಂದ್ಬುಟ್ಟೆ.’

‘ಬಾಯ್ಬಿಟ್ಟು ಹೇಳೋಕೇನಾಗಿತ್ತು ನಿಂಗೆ?’

‘ಹೇಳಿದ್ರೆ ನೀನು ಬೇಕೂಂತ ಸೋತ್ಬುಡ್ತಿದ್ದೆ. ಆಮೇಲೆ ಅದ್ಯಾವ ಆಟ? ನಮ್ಮಪ್ಪಂಗೂ ಇದೇ ವಯಸ್ನಾಗೆ ಇಂಗೇ ಆಯ್ತು, ಪೂರ್ತಿ ಹೋಯ್ತು. ನಂದೂ ಅಷ್ಟೇ ಬುಡು.’

ಆಫೀಸಿನ ಆಚೆ ನನ್ನ ಅನುಮಾನ ಉಪಯೋಗಕ್ಕೆ ಬಂದದ್ದು ಆ ಗಳಿಗೆಯಲ್ಲಿ. ‘ಯಾರು ಹೇಳಿದ್ದು ನಿನ್ಗೆ? ಯಾವ ಡಾಕ್ಟ್ರು? ಕಾಗದ ಎಲ್ಲೈತೆ?’ ಎಂದು ಗದರಿದೆ. ಡಾಕ್ಟರೂ ಇಲ್ಲ, ಕಾಗದವೂ ಇಲ್ಲ, ಅವನೇ ಹೇಳಿಕೊಂಡು ಅವನೇ ನಂಬಿದ್ದ. ಇಂಥ ಮೌಖಿಕ ಹೇಳಿಕೆಯನ್ನು ನಾನು ಒಪ್ಪುವವನಲ್ಲ. ಕರಡನ್ನು ಹರಿದು ಹೊಟ್ಟಿನ ಮೇಲೆ ಹಾಕಿದೆ. ಮಾರನೆಯ ದಿನವೇ ರಾಮನಗರದ ಕಣ್ಣಾಸ್ಪತ್ರೆಗೆ ಎಳೆದುಕೊಂಡು ಹೋದೆ. ಡಾಕ್ಟರಮ್ಮ ದೀಪ ಬಿಟ್ಟು ನೋಡಿ, ‘ಪೊರೆ ಬಂದಿದೆ ಅಷ್ಟೇ. ತೆಗೆದರೆ ಕಾಣುತ್ತೆ. ಯಾಕಿಷ್ಟು ದಿನ ಸುಮ್ಮನಿದ್ರಿ?’ ಎಂದರು. ನಾನು ಅವರನ್ನೂ ನಂಬದೆ ಮೂರು ಸಲ ಕೇಳಿದೆ. ಮೂರನೆಯ ಸಲಕ್ಕೆ ಖಲೀಲ ಅಳುತ್ತಿದ್ದ, ನಾನೂ ಹಾಗೇ ಇದ್ದೆ.

ವಾಪಸು ಬರುವ ಬಸ್ಸಿನಲ್ಲಿ ತಡೆಯಲಾರದೆ ಒಪ್ಪಿಕೊಂಡೆ. ‘ಆ ನಿಯಮದ ಕೆಳಗೆ ಇನ್ನೊಂದು ಸಾಲಿತ್ತು ಕಣ್ಲಾ. ಹೇಳಿ ಮುಟ್ಟಿದ್ರೆ ತಪ್ಪಿಲ್ಲ ಅಂತ. ನಾನು ಓದ್ಲಿಲ್ಲ.’

ಖಲೀಲ ಕಿಟಕಿಯ ಕಡೆಯಿಂದ ತಿರುಗಲೂ ಇಲ್ಲ. ‘ಏನೋ ಬುಟ್ಟಿದೀಯ ಅಂತ ಗೊತ್ತಿತ್ತು ಬುಡು. ಓದೋಕೆ ಮುಂಚೆ ಗಂಟ್ಲು ಕೆರ್ಕಂಡೆ.’

‘ಅದ್ಕೂ ಇದ್ಕೂ ಏನ್ಲಾ?’

‘ಹನ್ನೊಂದು ವರ್ಸದಿಂದ ನೋಡಿವ್ನಿ. ಏನಾದ್ರೂ ಕಿತಾಪತಿ ಮಾಡೋಕೆ ಮುಂಚೆ ನೀನು ಗಂಟ್ಲು ಕೆರ್ಕತೀಯ. ಆಗ ನಾನು ಒಸಿ ಉಷಾರಾಯ್ತೀನಿ. ಅಷ್ಟೇಯ ನನ್ ಆಟ.’

ಗುಪ್ತ ಸಂದೇಶವನ್ನು ಟೀ ಲೋಟದಲ್ಲಿ, ಕಾಯಿಯ ತಲೆಯಲ್ಲಿ, ಭೂತಕನ್ನಡಿ ಹಿಡಿದು ಹುಡುಕಿದ್ದೆ. ಹನ್ನೊಂದು ವರ್ಷ ಅದನ್ನು ವಾರ ತಪ್ಪದೆ ಕಳಿಸುತ್ತಿದ್ದವನು ನಾನೇ. ಆ ಬೆಂಚಿನ ಮೇಲೆ ಮೋಸ ಮಾಡಿದವನು ಯಾರಾದರೂ ಇದ್ದರೆ ಅವನೂ ನಾನೇ. ಕೆಂಪು ರಾಜನನ್ನು ಅವತ್ತು ಸಂಜೆಯೇ ಷೋಕೇಸಿನಿಂದ ತೆಗೆದು ರೇಡಿಯೋದ ಮೇಲೆ ಇಟ್ಟು ಬಂದೆ. ಜಯಮ್ಮ ಆ ಜಾಗದಲ್ಲಿ ಒಂದು ಹೂದಾನಿ ಇಟ್ಟಳು.

ಆಪರೇಷನ್ ಆಗಿ ಒಂದೂವರೆ ತಿಂಗಳಾಯಿತು. ಲೇತು ತಿರುಗುತ್ತಿದೆ, ಭಾನುವಾರವೂ ಶುರುವಾಗಿದೆ. ಧೂಳು ಬೀಳಬಾರದೆಂದು ಖಲೀಲ ಕಪ್ಪು ಕನ್ನಡಕ ಹಾಕಿಕೊಂಡೇ ಕೂರುತ್ತಾನೆ. ಪುಸ್ತಕದಲ್ಲಿದ್ದ ಆ ಕನ್ನಡಿ ಕನ್ನಡಕದವನ ನೆನಪಾಗಿ ನನಗೆ ಕೊಂಚ ಕಸಿವಿಸಿ. ಡಾಕ್ಟರಮ್ಮ ಇನ್ನು ಕಪ್ಪು ಕನ್ನಡಕ ಬೇಡ ಎಂದಿದ್ದಾರೆ, ಆದರೂ ಯಾಕೆ ಹಾಕಿಕೊಳ್ಳುತ್ತಾನೋ ವಿಚಾರಿಸಬೇಕು. ಅಂತೂ ಮೊನ್ನೆ ನಾನೂ ಒಂದು ಉಪಾಯ ಮಾಡಿದೆ. ಗಂಟಲು ಕೆರೆಯದಿರಲೆಂದು ಕಾರ್ಖಾನೆಯ ಬಾಗಿಲಲ್ಲೇ ಎರಡು ಲವಂಗ ಬಾಯಿಗೆ ಹಾಕಿಕೊಂಡು, ಉಸಿರೂ ಎತ್ತದೆ ಹೋಗಿ ಕೂತೆ. ಕಾಯಿಗಳನ್ನು ಇನ್ನೂ ಜೋಡಿಸಿರಲಿಲ್ಲ. ಖಲೀಲ ಮೂಗು ಅರಳಿಸಿ ಒಳಗಡೆ ಕೂಗಿದ: ‘ಶಾಹಿದಾ, ಟೀ ಒಸಿ ಬೇಗ್ನೆ ಮಡಗು. ಪುಟ್ಸಾಮಿ ಇವತ್ತು ಲವಂಗ ಹಾಕ್ಕಂಡ್ ಬಂದವ್ನೆ, ಆಟ ಬ್ಯಾಗ ಮುಗೀತದೆ.’