ಹನ್ನೊಂದು ಗಂಟೆಯ ಭೂಕಂಪ

ತಿರುನಾರಾಯಣ ಮೇಷ್ಟ್ರು ತರಗತಿಯಲ್ಲಿ ಆಡಿದ್ದು ಒಂದೇ ಮಾತು: "ನಾಳೆ ಹನ್ನೊಂದು ಗಂಟೆಗೆ ಭೂಕಂಪ ತೋರಿಸ್ತೀನಿ. ಯಾರೂ ತಪ್ಪಿಸ್ಕೋಬೇಡಿ."

ಬಿಹಾರದಲ್ಲಿ ಭೂಮಿ ನಡುಗಿ ಇನ್ನೂ ತಿಂಗಳಾಗಿರಲಿಲ್ಲ. ಮರುದಿನ ಭೂಕಂಪದ ಪಾಠ ನೋಡಲು ಶಾಲಾ ಇನ್‌ಸ್ಪೆಕ್ಟರು ಬರುವವರಿದ್ದರು. ಮೇಜಿನ ಮೇಲೆ ಮರಳು ಹರವಿ, ಬೆಂಕಿಪೊಟ್ಟಣದ ಮನೆಗಳನ್ನಿಟ್ಟು ಅಲ್ಲಾಡಿಸಿ ತೋರಿಸುವುದು ಮೇಷ್ಟ್ರ ಎಣಿಕೆ. ಮೆಚ್ಚಿದರೆ ಮಂಡ್ಯಕ್ಕೆ ವರ್ಗ. ಹೆಂಡತಿ ಗೋದಮ್ಮ ಅಲ್ಲಿ ಹೆಣ್ಣುಮಕ್ಕಳ ಶಾಲೆಯ ಟೀಚರು. ಬಸರಾಳಿನಾಚೆಯ ಈ ಹಳ್ಳಿಯಲ್ಲಿ ಮೇಷ್ಟ್ರು ಮೂರು ವರ್ಷದಿಂದ ತಮ್ಮ ಕೈಯಡುಗೆಯನ್ನು ದೇವರಿಗೆ ನೈವೇದ್ಯ ಮಾಡಿ, ದೇವರು ಮುಟ್ಟದ್ದನ್ನು ತಾವು ಉಣ್ಣುತ್ತಿದ್ದರು.

ಆದರೆ ಊರಿಗೆ ಪಂಚಾಂಗ ಓದುವವರೂ ಅವರೇ. ಅವರು ಹೇಳಿದ ಗ್ರಹಣದ ಗಳಿಗೆ ಒಮ್ಮೆಯೂ ತಪ್ಪಿರಲಿಲ್ಲ. ಮಕ್ಕಳು ಮನೆಗೆ ಹೋಗಿ ಸುದ್ದಿ ಹೇಳಿದರು.

ಬೆಳಿಗ್ಗೆ ಮೇಷ್ಟ್ರು ಗಂಟೆ ಹೊಡೆದರೆ ಒಂದು ನಾಯಿ ಬಂತು. ಇನ್ಯಾರೂ ಬರಲಿಲ್ಲ. ಬೀದಿಯ ಮನೆಗಳಿಗೆಲ್ಲ ಬೀಗ. ಹುಡುಕುತ್ತ ಹೋದರೆ ಊರಾಚೆಯ ಕಣದಲ್ಲಿ ದನಕರು, ಕೋಳಿಮಂಕರಿ, ದರ್ಭೆ ಹಾಕಿದ ನೀರಿನ ಗಡಿಗೆಗಳ ನಡುವೆ ಊರಿಗೆ ಊರೇ ಕೂತಿತ್ತು.

"ಬನ್ನಿ ಸ್ವಾಮಿ, ಇನ್ನೂವೆ ಆ ಇಸ್ಕೂಲೊಳ್ಗೇ ಇದ್ರಾ?" ಪಟೇಲ ದೊಡ್ಡಸಿದ್ದಯ್ಯ ಕೈಹಿಡಿದು ಎಳೆದ. "ಯಾರೂ ಒಲೆ ಅಚ್ಚಿಲ್ಲ. ಗ್ರಾಣಕ್ಕೆ ಮಾಡ್ದಂಗೇ ಮಾಡಿವಿ."

"ಅಯ್ಯೋ, ಭೂಕಂಪದ ಗಳಿಗೆ ಯಾರಿಗೂ ತಿಳಿಯಲ್ಲ ಕಣಯ್ಯ!"

"ಸುಮ್ಕಿರಿ ಸ್ವಾಮಿ," ಎಂದಳು ಚಿಕ್ಕಬೋರಮ್ಮ. "ಎದ್ರುಕೊಂಡಾರು ಅಂತ ಮುಚ್ಚಿಡ್ತಿದೀರಿ. ನನ್ ಸೊಸೆ ಬಸ್ರಿ. ಅವ್ಳು ನಿಂತಿರ್ಬೇಕಾ, ಕುಂತಿರ್ಬೇಕಾ? ಅದ ಏಳಿ ಮೊದ್ಲು."

ಮೇಷ್ಟ್ರು ತಲೆಯ ಮೇಲೆ ಕೈಹೊತ್ತರು. ಬೇರೆ ದಾರಿ ಕಾಣದೆ ಅಲ್ಲೇ ಪಾಠಕ್ಕೆ ನಿಂತರು.

"ಚಿಕ್ಕಬೋರಮ್ಮ, ಮುದ್ದೆಗೆ ಎಸರಿಟ್ಟಾಗ ಗುಳ್ಳೆ ಮೊದಲು ಏಳೋದು ಎಲ್ಲಿ?"

"ತಳದಲ್ಲಿ."

"ಭೂಮಿಯೊಳಗೂ ಹಾಗೇ ಒಂದು ಕಡೆ ಬಂಡೆ ಬಿರಿಯುತ್ತೆ. ಅದು ನಾಭಿ. ಅದರ ನೇರ ಮೇಲೆ, ನೆಲದ ಮೇಲಿರೋ ಜಾಗ ಅಧಿಕೇಂದ್ರ. ಕೆರೆಗೆ ಕಲ್ಲು ಎಸೆದ ಹಾಗೆ ಅಲ್ಲಿಂದ ಅಲೆ ಹರಡುತ್ತೆ. ಮಗು ಅಳು ನಿಲ್ಲಿಸಿದ ಮೇಲೂ ಬಿಕ್ಕುತ್ತಲ್ಲ, ಅದೇ ಮರುಕಂಪನ."

ಪ್ರಾಣಭಯದಲ್ಲಿ ಕೇಳಿದ ಪಾಠ ಯಾರಿಗೂ ಮರೆಯಲಿಲ್ಲ. ಹನ್ನೊಂದಾಯಿತು, ಹನ್ನೆರಡಾಯಿತು. ಭೂತಾಯಿ ಮಿಸುಕಲಿಲ್ಲ.

ಅಷ್ಟರಲ್ಲಿ ಖಾಲಿ ಶಾಲೆ ನೋಡಿ ಕೆಂಡವಾದ ಇನ್‌ಸ್ಪೆಕ್ಟರು ಕಮಾನುಗಾಡಿಯಿಂದ ಧುಮುಕಿದರು.

"ಏನ್ರೀ ಇದು ಸಂತೆ?"

"ಪಾಠ... ಬಯಲಲ್ಲಿ..." ಮೇಷ್ಟ್ರು ತೊದಲಿದರು.

ಇನ್‌ಸ್ಪೆಕ್ಟರು ಮಕ್ಕಳ ಕಡೆ ತಿರುಗಿ, "ಭೂಕಂಪ ಹುಟ್ಟೋ ಜಾಗಕ್ಕೆ ಏನಂತಾರೆ?" ಎಂದರು.

"ನಾಭಿ!" ಮಕ್ಕಳೊಂದಿಗೆ ಊರೂ ಕೂಗಿತು.

"ಅದರ ನೇರ ಮೇಲೆ?"

"ಅದಿಕೇಂದ್ರ ಕಣ್ ಬುದ್ಧಿ! ಆಮ್ಯಾಕೆ ಬಿಕ್ಕೋದು ಮರುಕಂಪನ," ಎಂದಳು ಚಿಕ್ಕಬೋರಮ್ಮ.

ಇನ್‌ಸ್ಪೆಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ತಿರುನಾರಾಯಣ, ನನ್ನ ಸರ್ವೀಸಿನಲ್ಲೇ ಇಂಥ ಪಾಠ ನೋಡಿಲ್ಲ. ಎಲ್ಲಿ ನಿಮ್ಮ ವರ್ಗದ ಅರ್ಜಿ?"

ಮೇಷ್ಟ್ರು ಜೇಬಿನಿಂದ ಅರ್ಜಿ ತೆಗೆದು ಕೊಟ್ಟರು. ಕಣ್ಣ ಮುಂದೆ ಗೋದಮ್ಮನ ಸಾರು ಕುದಿಯಿತು.

ಪಟೇಲ ದೊಡ್ಡಸಿದ್ದಯ್ಯ ಇನ್‌ಸ್ಪೆಕ್ಟರ ಕಾಲಿಗೆ ಅಡ್ಡಬಿದ್ದ. ಹಿಂದೆಯೇ ಊರೆಲ್ಲ ಬಿತ್ತು. "ಇವರ್ನ ಮಾತ್ರ ಕಳಿಸ್ಬೇಡಿ ಬುದ್ಧಿ!"

ಇನ್‌ಸ್ಪೆಕ್ಟರು ಪೆನ್ನು ತೆಗೆದರು. ವಿದ್ಯೆಗೆ ಇಷ್ಟು ಹಸಿದ ಊರು! ಅರ್ಜಿಯ ಮೇಲೆ ಬರೆದು ಗಟ್ಟಿಯಾಗಿ ಓದಿದರು: "ಇಂಥ ಉಪಾಧ್ಯಾಯರನ್ನು ನಿವೃತ್ತಿಯವರೆಗೆ ಈ ಊರಿನಿಂದ ಕದಲಿಸತಕ್ಕದ್ದಲ್ಲ."

ಗಾಡಿ ಮರೆಯಾದ ಮೇಲೆ ಮೇಷ್ಟ್ರು ಅಳುವ ದನಿಯಲ್ಲಿ ಕೇಳಿದರು: "ಪಟೇಲ್ರೇ, ಪಾಠ ಅಷ್ಟು ಹಿಡಿಸಿತೇನಯ್ಯ ನಿಮಗೆ?"

"ಪಾಠ ಯಾರಿಗ್ ಬೇಕು ಸ್ವಾಮಿ? ಅನ್ನೊಂದು ಗಂಟೆಗೆ ಬರ್ಬೇಕಾದ್ದ ಬರೀ ಬಾಯ್ಮಾತಲ್ಲೇ ತಡುದ್ಬುಟ್ರಿ. ನಿಮ್ಮ ಬುಟ್ಟು ನಾವ್ ಎಂಗಿರನ?"