ಸಾಹುಕಾರರಿಲ್ಲದ ಒಂದು ದಿನ

“ನಾನಿಲ್ದೆ ಹೋದ್ರೂ ನಮ್ಮ ಕಾರ್ಖಾನೆ ಗಡಿಯಾರದ ಹಾಗೆ ನಡೆಯುತ್ತೆ ಸಾರ್” ಅಂತ ಡಬ್ಬಿ ಸಾಹುಕಾರರು ಜಂಬ ಕೊಚ್ಚಿಕೊಂಡದ್ದೇ ಎಲ್ಲಕ್ಕೂ ಮೂಲ. ಆಗ ಬಾಯಿ ಮುಚ್ಚಿಕೊಂಡು ಸುಮ್ಮನಿದ್ದಿದ್ದರೆ ಈ ಕತೆ ಹೇಳುವ ಕಷ್ಟ ನನಗೂ ಇರುತ್ತಿರಲಿಲ್ಲ.

ಸಾಹುಕಾರ ಅನ್ನೋದು ಬೀದಿಯವರು ತಮಾಷೆಗೆ ಕೊಟ್ಟ ಬಿರುದು. ಇದ್ದದ್ದು ರಟ್ಟಿನ ಡಬ್ಬಿ ಮಾಡುವ ಒಂದು ಪುಟ್ಟ ಕಾರ್ಖಾನೆ, ಹತ್ತು ಜನ ಕೆಲಸದವರು, ರಟ್ಟು ಕತ್ತರಿಸುವ ಒಂದು ಮುದಿ ಮಿಷಿನ್. ಚಪ್ಪಲಿ ಕಂಪನಿಯವರು ಬೇರೆ, “ಈಗ ಕೊಡೋದರ ಎರಡರಷ್ಟು ಡಬ್ಬಿ ಕೊಡ್ತೀರೋ, ಬೇರೆಯವರನ್ನ ನೋಡ್ಕೊಳ್ಳೋಣವೋ?” ಅಂತ ಕೇಳಿ ಕೂತಿದ್ದರು. ಹೊಸ ಮಿಷಿನ್ ಬಂದರೆ ಆರ್ಡರ್ ಉಳಿಯುತ್ತಿತ್ತು. ಬರದಿದ್ದರೆ ಹತ್ತರಲ್ಲಿ ಐದು ಜನರನ್ನು ಮನೆಗೆ ಕಳಿಸಬೇಕಿತ್ತು. ಬ್ಯಾಂಕಿನವರು ಅಡ ಇಡೋಕೆ ಏನಿದೆ ಅಂದರು. ಸಾಹುಕಾರರ ಹತ್ತಿರ ರಟ್ಟು ಬಿಟ್ಟರೆ ಬೇರೇನೂ ಇರಲಿಲ್ಲ.

ಆಗ ಸಿಕ್ಕವರು ಪರ್ಯಾಯ ಹೂಡಿಕೆ ನಿಧಿಯವರು. ಉಳ್ಳವರ ದುಡ್ಡನ್ನು ಒಂದೆಡೆ ಸೇರಿಸಿ, ಬೆಳೆಯೋ ಲಕ್ಷಣ ಇರುವ ಸಣ್ಣ ಉದ್ದಿಮೆಗಳಲ್ಲಿ ಹಾಕುವ ಜನ.

“ಇದು ಸಾಲ ಅಲ್ಲ, ಪಾಲು” ಅಂದರು ನಿಧಿಯ ಹಿರಿಯ ಅಧಿಕಾರಿ. “ನೀವು ಬೆಳೆದ್ರೆ ನಾವೂ ಬೆಳೀತೀವಿ, ನೀವು ಮುಳುಗಿದ್ರೆ ನಾವೂ ಮುಳುಗ್ತೀವಿ. ಅದಕ್ಕೇ ಕೇಳ್ತಿರೋದು, ನಾಳೆ ನಿಮಗೆ ಜ್ವರ ಬಂದ್ರೆ ಕಾರ್ಖಾನೆ ಗತಿ ಏನು?”

ಸಾಹುಕಾರರು ಗಡಿಯಾರದ ಮಾತಾಡಿದ್ದು ಆಗಲೇ. ಅಧಿಕಾರಿ ನಕ್ಕರು. “ಹಾಗಾದ್ರೆ ನೋಡೇ ಬಿಡೋಣ. ನಾಳೆ ಒಂಬತ್ತರಿಂದ ಐದರ ತನಕ ನೀವು ಒಳಗೆ ಕಾಲಿಡಬಾರ್ದು, ಫೋನೂ ಮಾಡಬಾರ್ದು. ನಾನು ಒಂದು ಮೂಲೇಲಿ ಕೂತು ನೋಡ್ತೀನಿ. ನಡೆದ್ರೆ ಮಿಷಿನ್ ನಿಮ್ಮದು.”

ಮರುದಿನ ಒಂಬತ್ತಕ್ಕೆ ಸಾಹುಕಾರರು ಫೋನನ್ನು ಅಧಿಕಾರಿಯ ಕೈಗಿಟ್ಟು ಹೊರಗೆ ಬಂದರು. ಮನೆಗೆ ಹೋಗೋಣವೆಂದರೆ ಹೆಂಡತಿ ಬೆಳಿಗ್ಗೆಯೇ, “ದಿನವಿಡೀ ಮನೇಲಿ ಕೂತು ನನ್ನ ತಲೆ ತಿನ್ಬೇಡಿ” ಅಂದುಬಿಟ್ಟಿದ್ದಳು. ಹಾಗಾಗಿ ಪಕ್ಕದಲ್ಲೇ ಇದ್ದ ಜೆರಾಕ್ಸ್ ಅಕ್ಕನ ಅಂಗಡಿಗೆ ಹೋಗಿ ಸ್ಟೂಲಿನ ಮೇಲೆ ಕೂತರು. ಕಾರ್ಖಾನೆಗೂ ಅಂಗಡಿಗೂ ನಡುವೆ ಒಂದೇ ಗೋಡೆ, ಹಿಂದೆ ಇಬ್ಬರಿಗೂ ಒಂದೇ ಹಿತ್ತಲು.

ಹತ್ತು ನಿಮಿಷ ಆಗಿತ್ತೋ ಇಲ್ಲವೋ, ಗೋಡೆಯಾಚೆ ಮಿಷಿನ್ ಸದ್ದು ನಿಂತಿತು. ಸಾಹುಕಾರರು ಸ್ಟೂಲಿನಿಂದ ಎದ್ದು ನಿಂತರು.

“ಅಕ್ಕಾ! ನಿಂತೋಯ್ತು!”

“ನಿಂತಿದ್ದು ಮಿಷಿನ್ ತಾನೆ? ನೀವು ಕೂತ್ಕೊಳ್ಳಿ” ಅಂದರು ಅಕ್ಕ. ಆಮೇಲೆ ಒಂದು ಗಳಿಗೆ ಕಿವಿಗೊಟ್ಟು ಕೇಳಿ, “ಅಂಗಡಿ ಸ್ವಲ್ಪ ನೋಡ್ಕೊಳ್ತಿರಿ. ಹಿತ್ತಲಲ್ಲಿ ಬಟ್ಟೆ ಹರವಿ ಬರ್ತೀನಿ” ಅಂತ ಹಿಂಬಾಗಿಲಿಂದ ಹೋದರು.

ಸ್ವಲ್ಪ ಹೊತ್ತಿಗೆ ಮಿಷಿನ್ ಮತ್ತೆ ಗುಡುಗಿತು. ವಾಪಸ್ ಬಂದ ಅಕ್ಕನ ಮುಂದೆ ಸಾಹುಕಾರರು ಎದೆಯುಬ್ಬಿಸಿ, “ನೋಡಿದ್ರಾ? ನಮ್ಮ ಮೇಸ್ತ್ರಿ ಹೇಗೆ ಸರಿಮಾಡಿದ! ನಾನು ಪಳಗಿಸಿದ ಕೈ ಅದು!” ಅಂದರು. ಅಕ್ಕ ಹೂಂಗುಟ್ಟಿ, ಕೈಯಲ್ಲಿದ್ದ ಕಪ್ಪು ಎಣ್ಣೆಯನ್ನು ಸೆರಗಿಗೆ ಒರೆಸಿಕೊಂಡರು.

ಹನ್ನೊಂದಕ್ಕೆ ಎದುರಿನ ಟೈಲರ್ ಓಡಿ ಬಂದ. ಊರ ಉಸಾಬರಿಯೆಲ್ಲ ಅವನದೇ.

“ಸಾಹುಕಾರ್ರೇ, ರಟ್ಟಿನ ಲಾರಿ ಬಂದು ಅರ್ಧ ಗಂಟೆ ಆಯ್ತು! ಮಾಲು ಒದ್ದೆಯಾಗಿದೆ ಅಂತ ನಿಮ್ಮೋರು ಇಳಿಸ್ತಿಲ್ಲ. ಡ್ರೈವರ್ ಕುಣೀತಿದಾನೆ!”

ಸಾಹುಕಾರರು ಎದ್ದರು, ಕೂತರು, ಮತ್ತೆ ಎದ್ದರು. “ನೀವು ಹೋದ್ರೆ ಎಲ್ಲಾ ಕೆಟ್ಟೋಗುತ್ತೆ, ಕೂತ್ಕೊಳ್ಳಿ” ಅಂತ ಗದರಿಸಿ ಅಕ್ಕ, “ಬಟ್ಟೆ ಮಗುಚಿ ಹಾಕಿ ಬರ್ತೀನಿ” ಅಂತ ನಡೆದರು. ಹೀಗೆ ಮಧ್ಯಾಹ್ನ ಎರಡರೊಳಗೆ ಅಕ್ಕ ಬಟ್ಟೆಗೆಂದು ಏಳು ಸಲ ಹೋಗಿ ಬಂದರು. ಇಡೀ ಬೀದಿಯ ಬಟ್ಟೆ ಒಗೆದಿದ್ದಾರೋ ಏನೋ ಅಂತ ಯಾರಿಗಾದರೂ ಅನುಮಾನ ಬರಬೇಕು. ಸಾಹುಕಾರರಿಗೆ ಬರಲಿಲ್ಲ. ಅವರ ಕಿವಿ ಗೋಡೆಯಲ್ಲಿತ್ತು, ಕೈ ಮಾತ್ರ ಜೆರಾಕ್ಸ್ ಮೇಲಿತ್ತು.

ಆ ಕೈ ಮಾಡಿದ ಅನಾಹುತ ಏನು ಹೇಳಲಿ! ಮಗನ ಅಂಕಪಟ್ಟಿ ತಂದ ತಂದೆಗೆ ಯಾವುದೋ ಗುಂಡಿ ಒತ್ತಿ, ಗಣಿತದ ಮೂವತ್ತೈದು ಅಂಕವನ್ನು ಅಂಗೈಯಗಲ ದೊಡ್ಡದು ಮಾಡಿ ಕೊಟ್ಟರು. “ಮುಚ್ಚಿಡೋಣ ಅಂತಿದ್ರೆ ಬೋರ್ಡ್ ಬರ್ದು ಕೊಟ್ರಲ್ಲ ಸ್ವಾಮಿ!” ಅಂತ ಆತ ಅಳುಮೋರೆ ಹಾಕಿದ. ಕೆಲಸದ ಅರ್ಜಿ ತಂದವನಿಗೆ ಇನ್ಯಾರದೋ ಸಕ್ಕರೆ ಕಾಯಿಲೆಯ ರಿಪೋರ್ಟು ಸೇರಿಸಿ ಪಿನ್ ಹೊಡೆದರು. ಪಾಪ, ಅವನು ನೋಡದೆ ಅಂಚೆಗೂ ಹಾಕಿಬಿಟ್ಟ.

ಮೂರು ಗಂಟೆಗೆ ಕನ್ನಡಕದ ತರುಣಿಯೊಬ್ಬಳು ಇಪ್ಪತ್ತು ಹಾಳೆ ತಂದುಕೊಟ್ಟು, “ಅರ್ಜೆಂಟ್ ಸರ್” ಅಂದಳು. ಗೋಡೆಯಾಚೆ ಏನೋ ದಡಾರನೆ ಬಿತ್ತು. ಸಾಹುಕಾರರು ಆ ಕಡೆ ನೋಡುತ್ತಲೇ ಇಪ್ಪತ್ತೂ ಹಾಳೆ ಮುಗಿಸಿ ಕೊಟ್ಟರು.

“ಇದರಲ್ಲಿ ಏನೂ ಇಲ್ವಲ್ಲ ಸರ್? ಎಲ್ಲಾ ಖಾಲಿ!”

“ಇಂಕು ಕಮ್ಮಿ ಇರ್ಬೇಕಮ್ಮ.”

“ಹಾಳೆ ಉಲ್ಟಾ ಇಟ್ಟಿದೀರಿ!”

“ಬೇಜಾರ್ ಮಾಡ್ಕೋಬೇಡಮ್ಮ, ನನ್ನ ಪ್ರಾಣ ಆ ಕಡೆ ಇದೆ” ಅಂತ ಸಾಹುಕಾರರು ಗೋಡೆ ತೋರಿಸಿದರು. ಆಕೆ ಗೋಡೆಯನ್ನೂ ಅವರನ್ನೂ ನೋಡಿ, “ನಡೆಸೋಕೆ ಬಾರದವರು ಅಂಗಡಿ ಯಾಕೆ ಇಡ್ತಾರೋ” ಅಂತ ಗೊಣಗುತ್ತ ಹಾಳೆಗಳನ್ನು ಬಾಚಿಕೊಂಡು ಹೋದಳು.

ನಾಲ್ಕೂವರೆಗೆ ಟೈಲರ್ ಮತ್ತೆ ಹಾಜರಾದ. “ಚಪ್ಪಲಿ ಕಂಪನಿಯೋರು ಬಂದಿದಾರೆ! ಮುಚ್ಚಳ ಕೂರ್ತಿಲ್ಲ ಅಂತ ಕಿರುಚಾಡ್ತಿದಾರೆ!” ಈ ಸಲ ಸಾಹುಕಾರರು ಹಾರಿ ಬೀದಿಗೆ ಬಿದ್ದರು. ಟೈಲರ್ ಅವರ ತೋಳು ಹಿಡಿದುಕೊಂಡ. “ಇನ್ನರ್ಧ ಗಂಟೆ ಸಾಹುಕಾರ್ರೇ! ಈಗ ಹೋದ್ರೆ ಮಿಷಿನ್ ಹೋಯ್ತು!” ಇವರು ಎಳೆದರು, ಅವನು ಬಿಡಲಿಲ್ಲ, ಅಂಗಿಯ ತೋಳು ಪರ್ರನೆ ಹರಿದು ಅವನ ಕೈಗೇ ಬಂತು. “ಚಿಂತೆ ಮಾಡ್ಬೇಡಿ, ಹೊಲಿದು ಕೊಡ್ತೀನಿ” ಅಂದ. ಅಂಗಡಿಯೊಳಗೆ ನೋಡಿದರೆ ಅಕ್ಕ ಆಗಲೇ ಬಟ್ಟೆಗೆ ಹೋಗಿಯಾಗಿತ್ತು. ಸ್ವಲ್ಪ ಹೊತ್ತಿಗೆ ಕಾರ್ಖಾನೆಯ ಕಿರುಚಾಟ ನಿಂತು ನಗು ಕೇಳಿಸಿತು.

ಐದು ಹೊಡೆದದ್ದೇ ತಡ, ಸಾಹುಕಾರರು ಒಂದೇ ತೋಳಿನ ಅಂಗಿಯಲ್ಲಿ ಒಳಗೆ ನುಗ್ಗಿದರು. ಟೈಲರನೂ ಹಿಂದೆಯೇ ಬಂದ. ಡಬ್ಬಿಗಳು ಸಾಲಾಗಿ ಸೂರಿನವರೆಗೆ ನಿಂತಿದ್ದವು. ಅಧಿಕಾರಿ ಎದ್ದು ಬಂದು ಕೈ ಕುಲುಕಿದರು.

“ನೀವು ಹೇಳಿದ್ದು ನಿಜ. ಗಡಿಯಾರವೇ! ಹೊಸ ಮಿಷಿನ್ ಖಂಡಿತ. ಚಪ್ಪಲಿ ಕಂಪನಿಯವರೂ ಒಪ್ಪಿ ಹೋದ್ರು.”

ಸಾಹುಕಾರರ ಕಣ್ಣಲ್ಲಿ ನೀರು ಬಂತು. ಐದು ಜನರ ಅನ್ನ ಉಳಿಯಿತಲ್ಲ!

“ಒಂದೇ ಷರತ್ತು. ಮ್ಯಾನೇಜರಮ್ಮ ಮಾತ್ರ ಬಿಟ್ಟು ಹೋಗಬಾರ್ದು. ನಾವು ದುಡ್ಡು ಹಾಕ್ತಿರೋದು ಅವರನ್ನ ನಂಬಿ.”

“ಯಾವ ಮ್ಯಾನೇಜರಮ್ಮ?”

ಎಲ್ಲರೂ ಸರಿದು ದಾರಿ ಬಿಟ್ಟರು. ಹಿಂದೆ ಜೆರಾಕ್ಸ್ ಅಕ್ಕ, ಮೊಣಕೈವರೆಗೆ ಅಂಟು ಮೆತ್ತಿಕೊಂಡು, ಮುಚ್ಚಳ ಕೂರಿಸಿ ನೋಡುತ್ತಿದ್ದರು.

ಮೇಸ್ತ್ರಿ ತಲೆ ಕೆರೆದುಕೊಂಡ. “ನೀವು ಹೊರಗೆ ಹೋದಾಗೆಲ್ಲ ಅಕ್ಕನ್ನೇ ಕೇಳ್ತೀವಿ ಸಾಹುಕಾರ್ರೇ. ನೀವು ಇದ್ದಾಗ್ಲೂ ಒಂದೊಂದ್ಸಲ...”

ಸಾಹುಕಾರರಿಗೆ ಬಾಯಲ್ಲಿ ಬಿಸಿ ತುಪ್ಪ. ಉಗುಳಿದರೆ ಮಿಷಿನ್ ಹೋಗುತ್ತೆ, ನುಂಗಿದರೆ ಮಾನ ಹೋಗುತ್ತೆ. ಹತ್ತು ಜನರ ಮುಖ ನೋಡಿದರು, ನುಂಗಿದರು. “ಅಕ್ಕ ಒಪ್ಪಿದ್ರೆ ನನ್ನದೇನೂ ಅಡ್ಡಿ ಇಲ್ಲ” ಅಂದರು.

“ನಾನು ಬರ್ತೀನಿ” ಅಂದರು ಅಕ್ಕ. “ಆದ್ರೆ ಹನ್ನೆರಡು ವರ್ಷದ ಅಂಗಡಿ, ಮುಚ್ಚಲ್ಲ. ಅಲ್ಲಿ ನಂಬಿಕೆಯವರು ಯಾರಾದ್ರೂ ದಿನಾ ಕೂರಬೇಕು. ಇಲ್ಲಿ ಕೆಲಸ ಇಲ್ಲದವರು.”

ಅಧಿಕಾರಿ ಅದನ್ನೂ ಒಪ್ಪಂದದ ಕೊನೆಗೆ ಬರೆದು, ಸಹಿ ಹಾಕಿಸಿ, “ಇದಕ್ಕೆ ಮೂರು ಪ್ರತಿ ಬೇಕಲ್ಲ, ಜೆರಾಕ್ಸ್ ಯಾರು ಮಾಡ್ತಾರೆ?” ಅಂದರು. ಹತ್ತು ಜನ, ಮೇಸ್ತ್ರಿ, ಟೈಲರ್, ಎಲ್ಲರೂ ಒಟ್ಟಿಗೆ ಸಾಹುಕಾರರ ಕಡೆ ತಿರುಗಿದರು. ಅವರು ಕಾಗದ ತೆಗೆದುಕೊಂಡು ಬಾಗಿಲ ಕಡೆ ಹೊರಟರು.

ಅಷ್ಟರಲ್ಲಿ ಅಧಿಕಾರಿಯ ಹಿಂದೆ ಕಡತ ಜೋಡಿಸುತ್ತಿದ್ದ ನಿಧಿಯ ಸಹಾಯಕಿ, ಮೂರು ಗಂಟೆಯ ಅದೇ ತರುಣಿ, ತಲೆಯೆತ್ತಿ ನೋಡಿ, ಗಾಬರಿಯಿಂದ ಕನ್ನಡಕ ಸರಿಮಾಡಿಕೊಂಡಳು.

“ಸಾರ್, ನಾನೂ ಜೊತೆಗೆ ಹೋಗ್ತೀನಿ. ಅಸಲು ಕಾಗದ ಅವರೊಬ್ಬರ ಕೈಗೆ ಕೊಡೋದು ಬೇಡ.”